ಕಣ್ಣಳತೆಗೆ ಸಿಗದ ನೆತ್ತರು

‘ಕೆಟ್ಟ ರಕ್ತ, ಹೋಗಲಿ ಬಿಡು. ಹೋದಷ್ಟೂ ಮೈ ಹಗುರ.’ ಬೆಳಗಾವಿಯಿಂದ ವಿಜಯಪುರದವರೆಗೆ ಯಾವ ಊರಿನ ಬಾಣಂತಿಯ ಕೋಣೆಯ ಹೊರಗೆ ನಿಂತರೂ ಹಿರಿಯ ಹೆಂಗಸರ ಬಾಯಲ್ಲಿ ಈ ಮಾತು ಕೇಳಸಿಗುತ್ತದೆ. ಅದು ಪೂರ್ತಿ ಸುಳ್ಳೇನೂ ಅಲ್ಲ. ಹೆರಿಗೆಯಲ್ಲಿ ಒಂದಿಷ್ಟು ರಕ್ತ ಹೋಗುವುದು ಸಹಜ. ಅದಕ್ಕಾಗಿ ದೇಹ ಮೊದಲೇ ಕೂಡಿಟ್ಟಿರುತ್ತದೆ. ದಿನ ತುಂಬುವ ಹೊತ್ತಿಗೆ ಬಸುರಿಯ ಮೈಯಲ್ಲಿ ಹರಿಯುವ ರಕ್ತ ಸುಮಾರು ಶೇ 40ರಷ್ಟು ಹೆಚ್ಚಾಗಿರುತ್ತದೆ. ಸುಳ್ಳಿರುವುದು ‘ಕೆಟ್ಟ’ ಎಂಬಲ್ಲಿ. ಹೆರಿಗೆಯ ಬಳಿಕ ಧಾರೆಯಾಗಿ ಹರಿಯುವ ರಕ್ತಕ್ಕೂ ಮಿದುಳಿಗೆ, ಹೃದಯಕ್ಕೆ ಹೋಗುವ ರಕ್ತಕ್ಕೂ ಎಳ್ಳಷ್ಟೂ ಭೇದವಿಲ್ಲ. ಹೋದದ್ದು ಎಷ್ಟು ಎಂಬುದೊಂದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ನಮ್ಮ ಬೆಳಗಾವಿಯ ಪಾಲು ದೊಡ್ಡದು. ಹೆದ್ದಾರಿಯ ಪಕ್ಕದ ಆಸ್ಪತ್ರೆ ಫಲಕಗಳಲ್ಲಿ ರೋಬಾಟ್ ಕೈಗಳ ಚಿತ್ರ ರಾರಾಜಿಸುತ್ತಿರುತ್ತದೆ. ಈ ಊರಿನ ಹೆಸರನ್ನು ಪ್ರಸೂತಿ ವಿಜ್ಞಾನದ ಪತ್ರಿಕೆಗಳಿಗೆ ಕೊಂಡೊಯ್ದದ್ದು ಮಾತ್ರ ಒಂದು ಮಾತ್ರೆ ಮತ್ತು ಒಂದು ಪ್ಲಾಸ್ಟಿಕ್ ಹಾಳೆ. ಅವುಗಳ ಚಿತ್ರವನ್ನು ಯಾವ ಫಲಕದಲ್ಲಿಯೂ ನಾನು ಕಂಡಿಲ್ಲ.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಜಾಗದಲ್ಲಿ ಆ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಅವನ್ನು ಮುಚ್ಚುವುದು ಮುಖ್ಯವಾಗಿ ಗರ್ಭಕೋಶದ ಸ್ನಾಯುವೇ. ಅದರ ಎಳೆಗಳು ರಕ್ತನಾಳಗಳ ಸುತ್ತ ಅಡ್ಡಡ್ಡಲಾಗಿ ಹೆಣೆದುಕೊಂಡಿವೆ. ಗರ್ಭಕೋಶ ಬಿಗಿದುಕೊಂಡರೆ ನಾಳಗಳು ಹಿಸುಕಿ ಮುಚ್ಚಿಹೋಗುತ್ತವೆ. ಅದು ಸಡಿಲವಾಗಿಯೇ ಉಳಿದರೆ ಕೆಲವೇ ನಿಮಿಷಗಳಲ್ಲಿ ಅನಾಹುತ. ಮಾಸಿನ ಚೂರು ಒಳಗೆ ಉಳಿಯುವುದು, ಗರ್ಭಕೋಶದ ಕೊರಳೋ ಹೆರಿಗೆಯ ದಾರಿಯೋ ಹರಿಯುವುದು, ರಕ್ತ ಹೆಪ್ಪುಗಟ್ಟದಿರುವುದು ಇವೂ ಕಾರಣಗಳೇ. ಆದರೆ ಬಹುಪಾಲು ಪ್ರಕರಣಗಳಲ್ಲಿ ತಪ್ಪುವುದು ಈ ಬಿಗಿಯೇ.

ಬಿಗಿ ತರಿಸುವ ಔಷಧ ನೂರು ವರ್ಷದಷ್ಟು ಹಳೆಯದು. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂದು ಹೆನ್ರಿ ಡೇಲ್ 1906ರಲ್ಲಿ ಕಂಡುಕೊಂಡರು. ಅದರೊಳಗಿನ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ವಿನ್ಸೆಂಟ್ ಡು ವಿನ್ಯೂ 1953ರಲ್ಲಿ ಪ್ರಯೋಗಾಲಯದಲ್ಲಿಯೇ ತಯಾರಿಸಿದರು. ಎರಡು ವರ್ಷದ ನಂತರ ನೊಬೆಲ್ ಬಂತು. ನಮ್ಮ ಕಡೆ ಎಮ್ಮೆ ತೊರೆ ಬಿಡಲೆಂದು ಕದ್ದುಮುಚ್ಚಿ ಚುಚ್ಚುತ್ತಾರಲ್ಲ, ಅದೇ ಔಷಧ. ಆ ದುರ್ಬಳಕೆಗೆ ಬೇಸತ್ತು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ತಯಾರಿಸದಂತೆ ಆದೇಶಿಸಿತ್ತು. ಬಾಣಂತಿಯರ ಜೀವಕ್ಕೆ ಬೇಕಾದ ಔಷಧವೇ ಸಿಗದೆ ಹೋದೀತೆಂಬ ಆತಂಕ ಎದ್ದು, ಅದೇ ವರ್ಷದ ಕೊನೆಗೆ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು.

ಆಕ್ಸಿಟೋಸಿನ್‌ಗೆ ಎರಡು ತೊಡಕು. ಅದನ್ನು ಚುಚ್ಚಿಯೇ ಕೊಡಬೇಕು. ಜೊತೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ವಿದ್ಯುತ್ ಕೈಕೊಡುವ ಉಪಕೇಂದ್ರದಲ್ಲಿ, ವಿಜಯಪುರದ 40 ಡಿಗ್ರಿಯ ಬೇಸಿಗೆಯಲ್ಲಿ ಇದು ಸುಲಭದ ಮಾತಲ್ಲ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ಅವರ ಜೊತೆಗೂಡಿ ಬೇರೊಂದು ದಾರಿ ಹಿಡಿದರು. ಮಿಸೊಪ್ರೊಸ್ಟಾಲ್ ಎಂಬುದು ಮೂಲದಲ್ಲಿ ಹೊಟ್ಟೆಯ ಹುಣ್ಣಿನ ಮಾತ್ರೆ, ಗರ್ಭಕೋಶವನ್ನೂ ಬಿಗಿಸುತ್ತದೆ. ತಂಪು ಬೇಡ, ಸೂಜಿ ಬೇಡ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆಣ್ಣುಮಕ್ಕಳು ಈ ಪ್ರಯೋಗಕ್ಕೆ ಒಪ್ಪಿದರು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಜನರಿಗೆ ಈ ಮಾತ್ರೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆ. ಕೊಟ್ಟವರು ತಜ್ಞ ವೈದ್ಯರಲ್ಲ, ಊರವರು ನರ್ಸಬಾಯಿ ಎಂದು ಕರೆಯುವ ಆರೋಗ್ಯ ಸಹಾಯಕಿಯರು. ಹೆರಿಗೆಗಳು ನಡೆದದ್ದು ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಹೊರಬಿತ್ತು: ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ, ಜೀವಕ್ಕೆ ಕುತ್ತಾಗುವಂಥ ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ ಇಳಿದಿತ್ತು. ಒಂದಿಷ್ಟು ಹೊತ್ತು ಚಳಿ, ಜ್ವರ ಬಂದವರಿದ್ದರು, ಅಷ್ಟೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. (ಇದನ್ನು ಓದಿ ಯಾರೂ ಮೆಡಿಕಲ್ ಅಂಗಡಿಗೆ ಹೋಗಬಾರದು. ಮಗು ಹೊರಬರುವ ಮೊದಲೇ ಈ ಮಾತ್ರೆ ನುಂಗಿದರೆ ಗರ್ಭಕೋಶವೇ ಒಡೆದೀತು.)

ಈ ಪ್ರಯೋಗ ಮಾಡಲು ಹೊರಟಾಗಲೇ ಎದುರಾದ ತೊಂದರೆಯೊಂದಿತ್ತು. ನನ್ನ ಮಟ್ಟಿಗೆ ಮಾತ್ರೆಗಿಂತ ಹೆಚ್ಚು ಸ್ವಾರಸ್ಯ ಅದರಲ್ಲಿದೆ. ಹೋದ ರಕ್ತ ಅರ್ಧ ಲೀಟರ್ ದಾಟಿದರೆ ಅದು ಅತಿ ರಕ್ತಸ್ರಾವ ಎಂದು ಪುಸ್ತಕ ಹೇಳುತ್ತದೆ. ಸರಿ, ದಾಟಿತೆಂದು ತಿಳಿಯುವುದು ಹೇಗೆ? ಅರ್ಧ ಲೀಟರ್ ಎಂದರೆ ಒಂದು ಹಾಲಿನ ಪಾಕೀಟು. ಅದನ್ನು ಕೌದಿಯ ಮೇಲೆ ಸುರಿದು, ಮೇಲೆ ಎರಡು ಚೊಂಬು ನೀರು ಚೆಲ್ಲಿ, ಈಗ ಹಾಲೆಷ್ಟು ಹೇಳಿ ಎಂದರೆ ಹೇಳಬಲ್ಲವರು ಯಾರು? ಹೆರಿಗೆ ಕೋಣೆಯಲ್ಲಿ ವೈದ್ಯರು, ನರ್ಸುಗಳು ದಿನವೂ ಮಾಡುತ್ತಿದ್ದದ್ದು ಅದನ್ನೇ: ಬಟ್ಟೆ, ಹತ್ತಿ, ನೆಲ ಎಲ್ಲವನ್ನೂ ಒಮ್ಮೆ ನೋಡಿ ‘ಇನ್ನೂರೈವತ್ತು ಮಿಲಿ’ ಎಂದು ಬರೆದುಬಿಡುವುದು.

ಬೆಳಗಾವಿಯ ತಂಡ ಅಮೆರಿಕದ ಸಹೋದ್ಯೋಗಿಗಳೊಂದಿಗೆ ಒಂದು ಹಾಳೆ ರೂಪಿಸಿತು. ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ಲಾಡಿ ಕಟ್ಟುವುದು. ಹಾಳೆಯ ಕೆಳತುದಿ ಆಲಿಕೆಯ ಆಕಾರದ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ರಕ್ತ ಅದರೊಳಗೆ ಇಳಿಯುತ್ತದೆ, ಗೆರೆ ನೋಡಿದರೆ ಲೆಕ್ಕ ಸಿಗುತ್ತದೆ. ರೂಪಿಸಿದ ಏಳು ಜನರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಬ್ರಾಸ್-ವಿ ಎಂದು ಹೆಸರಿಟ್ಟರು. ಈ ಹಾಳೆಯನ್ನೂ ಕಣ್ಣಂದಾಜನ್ನೂ ಹೋಲಿಸಿ ನೋಡಿದಾಗ ಕಣ್ಣು ಹೇಳಿದ ಲೆಕ್ಕ ಶೇ 33ರಷ್ಟು ಕಡಿಮೆ ಇತ್ತು. ನುರಿತವರ ಕಣ್ಣು ಅದು. ಕಡಿಮೆ ಎಂದು ಕಂಡರೆ ಚಿಕಿತ್ಸೆ ತಡವಾಗುತ್ತದೆ, ತಡವಾದರೆ ಸಾವು. ಇಷ್ಟು ಸರಳವಾದ ಸಾಧನ ಇದಕ್ಕೆ ಮೊದಲೇ ಹೆರಿಗೆ ಕೋಣೆಗಳಲ್ಲಿ ರೂಢಿಯಾಗದೆ ಹೋದದ್ದೇಕೆ ಎಂದು ಯೋಚಿಸಿದರೆ ಸಿಟ್ಟೇ ಬರುತ್ತದೆ.

ಇಂಥ ಅಳತೆಯ ಹಾಳೆಯ ಪೂರ್ಣ ಬೆಲೆ ತಿಳಿದದ್ದು 2023ರಲ್ಲಿ, ಆಫ್ರಿಕಾದಲ್ಲಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ‘ಇ-ಮೋಟಿವ್’ ಎಂಬ ಅಧ್ಯಯನ ನಡೆಯಿತು. ಕೆಲವು ಆಸ್ಪತ್ರೆಗಳಲ್ಲಿ ಅಳತೆಯ ಹಾಳೆ ಹಾಸಿದರು. ಮಿತಿ ದಾಟಿತೆಂದರೆ ಗರ್ಭಕೋಶವನ್ನು ನೀವುವುದು, ಬಿಗಿಸುವ ಔಷಧ, ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ಗಾಯದ ಹುಡುಕಾಟ ಎಲ್ಲವನ್ನೂ ಒಂದೇ ಬಾರಿಗೆ ಶುರುಮಾಡಿದರು. ಒಂದು ಮಾಡಿ ನೋಡೋಣ, ಆಗದಿದ್ದರೆ ಇನ್ನೊಂದು ಎಂಬ ಹಳೆಯ ಪದ್ಧತಿ ಬಿಟ್ಟರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಇವೆಲ್ಲ ಸೇರಿ ಇತರ ಆಸ್ಪತ್ರೆಗಳಲ್ಲಿ ಶೇ 4.3 ಇದ್ದರೆ ಇಲ್ಲಿ 1.6. ಹೊಸ ಔಷಧ ಒಂದೂ ಇರಲಿಲ್ಲ. ಅಳೆಯದ ಕಡೆ ಅತಿ ರಕ್ತಸ್ರಾವದ ಅರ್ಧ ಪ್ರಕರಣಗಳು ಮಾತ್ರ ಕಣ್ಣಿಗೆ ಬಿದ್ದಿದ್ದವು, ಅಳೆದ ಕಡೆ ಶೇ 93.

ಟ್ರಾನೆಕ್ಸಾಮಿಕ್ ಆಮ್ಲದ ಕತೆಯನ್ನು ಇಲ್ಲಿ ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಹೆಪ್ಪುಗಟ್ಟಿದ ರಕ್ತ ಕರಗದಂತೆ ಅದು ತಡೆಯುತ್ತದೆ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ 1960ರ ದಶಕದ ಆರಂಭದಲ್ಲಿಯೇ ಅದನ್ನು ಕಂಡುಹಿಡಿದಿದ್ದರು. ಬಾಣಂತಿಯರ ಮೇಲೆ ದೊಡ್ಡ ಮಟ್ಟದ ಪರೀಕ್ಷೆಯ ಫಲ ಬಂದದ್ದು 2017ರಲ್ಲಿ, 21 ದೇಶಗಳ 20,060 ಹೆಣ್ಣುಮಕ್ಕಳಿಂದ. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಶೇ 1.7ರಿಂದ 1.2ಕ್ಕೆ ಇಳಿಯಿತು, ಮೂರು ಗಂಟೆ ಕಳೆದ ಮೇಲೆ ಉಪಯೋಗವಿಲ್ಲ. ಉಟಾಕೊ ಅದರ ಹಿಂದಿನ ವರ್ಷ, 98ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದರು.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಮುಂದಕ್ಕೆ ಹೋಯಿತು. ಅರ್ಧ ಲೀಟರ್ ಆಗಲೆಂದು ಕಾಯಬೇಡಿ, 300 ಮಿಲಿ ಹೋಗಿ ನಾಡಿಯೋ ಬಿಪಿಯೋ ಹದ ತಪ್ಪಿದ್ದರೆ ಆಗಲೇ ಚಿಕಿತ್ಸೆ ಶುರುಮಾಡಿ ಎಂದಿತು. ಇದರಲ್ಲಿ ನಾಡಿಯ ಮಾತು ಮನೆಮಂದಿಯೂ ತಿಳಿದಿರಬೇಕಾದದ್ದು. ಹರೆಯದ ಹೆಣ್ಣಿನ ದೇಹ ಬಹಳ ಹೊತ್ತು ಬಿಪಿಯನ್ನು ಹಿಡಿದಿಡುತ್ತದೆ, ರಕ್ತನಾಳಗಳನ್ನು ಬಿಗಿಮಾಡಿ ಹೃದಯವನ್ನು ಜೋರಾಗಿ ಓಡಿಸುತ್ತದೆ. ‘ಬಿಪಿ ನಾರ್ಮಲ್ ಇದೆ’ ಎಂಬ ಸಮಾಧಾನದ ಹಿಂದೆಯೇ ನಾಡಿ ನಿಮಿಷಕ್ಕೆ 100 ದಾಟಿರಬಹುದು. ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಯನ್ನು ಮೀರಿತೆಂದರೆ ಅಪಾಯ ಹೊಸ್ತಿಲಲ್ಲಿದೆ ಎಂದೇ ಅರ್ಥ.

ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ ತಾಯಂದಿರ ಸಾವು 2001–03ರಲ್ಲಿ 228 ಇತ್ತು, 2018–20ರ ಹೊತ್ತಿಗೆ 69 ಆಯಿತು. ನೂರಕ್ಕೆ 97 ಹೆರಿಗೆಗಳು ಈಗ ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ಹಾಗೆಂದು ಎಲ್ಲವೂ ಆಸ್ಪತ್ರೆಯವರ ಹೊಣೆ ಎಂದು ಕೂರುವಂತಿಲ್ಲ. ಬಾಣಂತಿ ಮನೆಗೆ ಬಂದ ಮೇಲೂ ವಾರಗಟ್ಟಲೆ ಅಪಾಯ ಇರುತ್ತದೆ. ಒಂದು ಪ್ಯಾಡ್ ಗಂಟೆಯೊಳಗೆ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಮೈ ತಣ್ಣಗಾಗಿ ಬೆವರಿದರೆ, ಜ್ವರದ ಜೊತೆ ದುರ್ವಾಸನೆ ಇದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಹೆರಿಗೆಯಾದ ಗಂಟೆಯೊಳಗೆ ಮಗುವಿಗೆ ಎದೆಹಾಲು ಕೊಟ್ಟರೆ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ತಾನಾಗಿಯೇ ಒಸರುತ್ತದೆ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಬಿಗಿಯಲು ಬಿಡುವುದಿಲ್ಲ, ಆದ್ದರಿಂದ ಮೂತ್ರ ಕಟ್ಟಿಕೊಂಡು ಮಲಗಬಾರದು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಎಂದು ಗುಟುಕು ಲೆಕ್ಕದಲ್ಲಿ ಕುಡಿಸುವ ಅತ್ತೆಯಂದಿರು ಈಗಲೂ ಇದ್ದಾರೆ. ಅಂಟಿನುಂಡೆ ಕೊಡಿ, ಅಳವಿ ಪಾಯಸ ಕೊಡಿ, ಯಾರ ಅಡ್ಡಿಯೂ ಇಲ್ಲ. ರಕ್ತ ಕಳೆದುಕೊಂಡು ಹಾಲೂಡಿಸುವವಳಿಗೆ ನೀರು ಮಾತ್ರ ತಪ್ಪಿಸಬೇಡಿ.

ನಿಜವಾದ ತಯಾರಿ ಹೆರಿಗೆಗೆ ಬಹಳ ಮೊದಲೇ ಆಗಬೇಕು. ರಾಜ್ಯದ ಬಸುರಿಯರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 12 ಇರುವವಳು ತಡೆದುಕೊಳ್ಳುವ ರಕ್ತಸ್ರಾವ 7 ಇರುವವಳ ಪ್ರಾಣಕ್ಕೇ ಎರವಾಗಬಹುದು. ಇಂಥವಳಿಗೆ ಅರ್ಧ ಲೀಟರಿನ ಗೆರೆಯೂ ತೀರ ದೂರದ್ದು. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣಾಂಶದ ಕೆಂಪು ಮಾತ್ರೆಗಳು ಮಾಡಿನ ಸಂದಿಯಲ್ಲಿ, ಡಬ್ಬಿಯ ತಳದಲ್ಲಿ ಉಳಿದುಹೋಗುವುದನ್ನು ಬಾಗಲಕೋಟೆಯಲ್ಲಿಯೂ ಕಾಣಬಹುದು, ಬೆಳಗಾವಿಯಲ್ಲಿಯೂ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ ಎಂಬುದು ದೂರು. ಕಪ್ಪು ಬಣ್ಣ ಕಬ್ಬಿಣಾಂಶದ್ದು, ಅದರಿಂದ ಕೆಡುಕಿಲ್ಲ. ತೊಳಸುವವರು ರಾತ್ರಿ ಊಟದ ಬಳಿಕ ನುಂಗಿದರೆ ಹೊಟ್ಟೆ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಶತ್ರು ಚಹಾ. ಮಾತ್ರೆಯ ಹಿಂದೆಯೇ ಚಹಾ ಕುಡಿದರೆ ಕಬ್ಬಿಣದ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಮಾತ್ರೆಗೂ ಚಹಾಕ್ಕೂ ಕನಿಷ್ಠ ಒಂದೆರಡು ಗಂಟೆ ಅಂತರವಿರಲಿ. ಸುಣ್ಣದ (ಕ್ಯಾಲ್ಸಿಯಂ) ಮಾತ್ರೆಯನ್ನೂ ಜೊತೆಗೆ ನುಂಗಬಾರದು. ಜೋಳದ ರೊಟ್ಟಿ, ಬೇಳೆ, ಪಲ್ಲೆಗಳಲ್ಲಿರುವ ಕಬ್ಬಿಣಾಂಶವನ್ನು ಹೀರಿಕೊಳ್ಳಲು ದೇಹಕ್ಕೆ ಸಿ ಜೀವಸತ್ವದ ಒತ್ತಾಸೆ ಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಅದೇ ಜಿಲ್ಲೆಯ ಬಸುರಿಯ ತಾಟಿನಲ್ಲಿ ಅರ್ಧ ಹೋಳು ಇಲ್ಲದಿರಲು ಕಾರಣ ಕಾಣೆ.

ಇಷ್ಟಾಗಿಯೂ ಹಿಮೋಗ್ಲೋಬಿನ್ ಏರದಿದ್ದರೆ, ಇಲ್ಲವೇ ಹೆರಿಗೆಗೆ ದಿನ ಕಡಿಮೆ ಉಳಿದಿದ್ದರೆ, ಕಬ್ಬಿಣಾಂಶವನ್ನು ನೇರ ರಕ್ತನಾಳಕ್ಕೆ ಹರಿಸುವ ದಾರಿ ಇದೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಂಥ ಹೊಸ ಔಷಧಗಳಲ್ಲಿ ಒಂದು ಗ್ರಾಂ ಕಬ್ಬಿಣವನ್ನು ಹದಿನೈದು ನಿಮಿಷದಲ್ಲಿ, ಒಂದೇ ಸಲಕ್ಕೆ ಕೊಡಬಹುದು. ಬಸಿರಿನ ಮೊದಲ ಮೂರು ತಿಂಗಳು ಇದನ್ನು ಕೊಡುವುದಿಲ್ಲ. ಅಪರೂಪಕ್ಕೆ ಅಲರ್ಜಿ ಆಗುವುದರಿಂದ ವೈದ್ಯರಿರುವ ಕಡೆಯೇ ಹಾಕಿಸಿಕೊಂಡು, ಅರ್ಧ ಗಂಟೆ ಅಲ್ಲಿಯೇ ಕುಳಿತು ಬರಬೇಕು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್‌ನ ಅಂಕಿ ಬರೆದಿರುತ್ತಾರೆ. ಏಳನೇ ತಿಂಗಳಲ್ಲಿ ಅದು 9ರ ಆಸುಪಾಸಿನಲ್ಲಿಯೇ ಇದ್ದರೆ ಈ ಇಂಜೆಕ್ಷನ್ ನನಗೆ ಬೇಕೇ ಎಂದು ಮುಂದಿನ ತಪಾಸಣೆಯಲ್ಲಿ ವೈದ್ಯರನ್ನು ಕೇಳಬಹುದು.