ಹುರುಳಿ ಕಾಳು ಗುರುತಿಸುವ ಸಕ್ಕರೆ

ನಾನು ಕೆಲಸ ಮಾಡುವ ಬೆಂಗಳೂರಿನ ರಕ್ತನಿಧಿಯ ಫ್ರಿಜ್ಜಿನಲ್ಲಿ ಹುರುಳಿ ಕಾಳಿನಿಂದ ತೆಗೆದ ಸಾರದ ಪುಟ್ಟ ಸೀಸೆಯೊಂದು ಸದಾ ಇರುತ್ತದೆ. ಎ ಗುಂಪಿನ ರಕ್ತದಲ್ಲಿ ಎ1 ಮತ್ತು ಎ2 ಉಪಗುಂಪುಗಳನ್ನು ಬೇರ್ಪಡಿಸಲು ಅದು ಬೇಕು. ತೊಳೆದ ಕೆಂಪು ರಕ್ತಕಣಗಳಿಗೆ ಅದರ ಒಂದು ಹನಿ ಸೇರಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೊಳವೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಎ1 ಕಣಗಳು ಗಂಟುಗಟ್ಟಿ ನಿಲ್ಲುತ್ತವೆ, ಎ2 ಕಣಗಳು ಹೊಗೆಯಂತೆ ಎದ್ದು ಕದಡುತ್ತವೆ. ಹುರುಳಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ಕಣದ ಮೈಮೇಲಿನ ಸಕ್ಕರೆಯನ್ನು ಗುರುತಿಸಿ ಹಿಡಿಯುವುದೇ ಇದಕ್ಕೆ ಕಾರಣ. (ಬೇಯಿಸಿದಾಗ ಆ ಪ್ರೋಟೀನು ಕೆಡುವುದರಿಂದ ಹುರುಳಿ ಸಾರು ಉಣ್ಣುವವರು ಗಾಬರಿಯಾಗಬೇಕಿಲ್ಲ.)

ಸಕ್ಕರೆ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕಾಫಿ ಲೋಟ, ಇಲ್ಲವೇ ‘ಶುಗರ್’ ಕಾಯಿಲೆ. ಇಲ್ಲಿನ ಮಾತು ಬೇರೆ: ಸರಳ ಸಕ್ಕರೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉಂಟಾದ ಸಂಕೀರ್ಣ ಶರ್ಕರಗಳು ನಮ್ಮ ಜೀವಕೋಶಗಳಿಗೂ ಅನೇಕ ರೋಗಾಣುಗಳಿಗೂ ಹೊರ ಹೊದಿಕೆಯಾಗಿವೆ. ರಕ್ತದ ಗುಂಪೂ ಅಷ್ಟೇ. ಸರಪಳಿಯ ತುದಿಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಇದ್ದರೆ ಎ, ಗ್ಯಾಲಕ್ಟೋಸ್ ಇದ್ದರೆ ಬಿ, ಎರಡೂ ಇಲ್ಲದೆ ಎಚ್ ಎಂಬ ಬುನಾದಿಯಷ್ಟೇ ಇದ್ದರೆ ಓ. ಬಿ ಗುಂಪಿನವರು ಹುಟ್ಟಿದಾರಭ್ಯ ಎ ರಕ್ತದ ಸಂಪರ್ಕಕ್ಕೇ ಬಂದಿರದಿದ್ದರೂ ಅವರಲ್ಲಿ ಎ ವಿರುದ್ಧದ ಪ್ರತಿಕಾಯಗಳು (ಪರಕೀಯ ಗುರುತನ್ನು ಹಿಡಿಯುವ ರಕ್ಷಣಾ ಪ್ರೋಟೀನುಗಳು) ಸಿದ್ಧವಾಗಿರುತ್ತವೆ, ಏಕೆಂದರೆ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೂ ಅಂಥದೇ ಸಕ್ಕರೆಗಳಿದ್ದು, ಮಗು ಕೆಲವು ತಿಂಗಳು ತುಂಬುವಷ್ಟರಲ್ಲಿ ಅವುಗಳನ್ನು ಪರಕೀಯವೆಂದು ಗುರುತಿಸಲು ಕಲಿತಿರುತ್ತದೆ. 1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ’ ಗುಂಪಿನವರಲ್ಲಿ ಎಚ್ ಬುನಾದಿಯೂ ಇರುವುದಿಲ್ಲ. ಕಣಗಳನ್ನಷ್ಟೇ ಪರೀಕ್ಷಿಸಿದರೆ ಅವರು ಓ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ಅವರ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ), ಅದರಲ್ಲಿ ಎಚ್ ವಿರುದ್ಧದ ಪ್ರತಿಕಾಯ ಇರುವುದರಿಂದ, ಓ ಕಣಗಳನ್ನೂ ಗಂಟುಗಟ್ಟಿಸುತ್ತದೆ. ಸೀರಂ ಪರೀಕ್ಷೆ ಮುಗಿಯದೆ ‘ಓ’ ಎಂದು ಬರೆಯಬಾರದೆಂದು ಕಿರಿಯರಿಗೆ ನಾನು ಪದೇ ಪದೇ ಹೇಳುವುದು ಇದಕ್ಕಾಗಿಯೇ.

ರೋಗಾಣುಗಳಿಗೂ ಈ ಸಕ್ಕರೆಗಳ ಪರಿಚಯ ಚೆನ್ನಾಗಿದೆ. ಫ್ಲೂ ವೈರಸ್ ನಮ್ಮ ಶ್ವಾಸನಾಳದ ಕೋಶಗಳನ್ನು ಹಿಡಿಯುವುದು ಅವುಗಳ ತುದಿಯಲ್ಲಿರುವ ಸಿಯಾಲಿಕ್ ಆಮ್ಲದ ಮೂಲಕ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಅದೇ ಸಿಯಾಲಿಕ್ ಆಮ್ಲವನ್ನು ಕತ್ತರಿಸುವ ಕಿಣ್ವವನ್ನೇ ಹೊತ್ತು ಬರುತ್ತದೆ. ಸೋಂಕು ತೀವ್ರವಾದ ಕೆಲವು ಮಕ್ಕಳಲ್ಲಿ ಕೆಂಪುಕಣಗಳ ಮೇಲಿನ ಈ ಆಮ್ಲವೂ ಕಿತ್ತುಹೋಗಿ, ಅಡಿಯಲ್ಲಿ ಅಡಗಿದ್ದ ಟಿ ಎಂಬ ಸಕ್ಕರೆ ಗುರುತು ಬಯಲಾಗುತ್ತದೆ. ವಯಸ್ಕರಲ್ಲಿ ಬಹುತೇಕ ಎಲ್ಲರ ಪ್ಲಾಸ್ಮಾದಲ್ಲೂ (ರಕ್ತದ ದ್ರವ ಭಾಗದಲ್ಲೂ) ಟಿ ವಿರುದ್ಧದ ಪ್ರತಿಕಾಯ ಇರುವುದರಿಂದ, ಹೊಂದಬೇಕಾದ ರಕ್ತವೂ ಪರೀಕ್ಷೆಯಲ್ಲಿ ಹೊಂದದೆ ನಮ್ಮನ್ನು ಕಾಡುತ್ತದೆ. ಆಗ ಟಿ ಗುರುತನ್ನು ಪತ್ತೆಹಚ್ಚಿಕೊಡುವುದು ಬಸವನಗುಡಿಯ ಪರಿಷೆಯಲ್ಲಿ ನಾವು ಸೇರುಗಟ್ಟಲೆ ಕೊಳ್ಳುವ ಕಡಲೆಕಾಯಿಯ ಲೆಕ್ಟಿನ್. ಅದರ ಮೂರು ಆಯಾಮದ ರಚನೆಯನ್ನು 1994ರಲ್ಲಿ ಪ್ರಕಟಿಸಿದ್ದು ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ.

ಇದೇ ನ್ಯುಮೊಕಾಕಸ್ ತಾನೂ ಸಕ್ಕರೆಯ ದಪ್ಪ ಕವಚ ತೊಟ್ಟಿರುತ್ತದೆ; ಕವಚದ ವ್ಯತ್ಯಾಸಕ್ಕೆ ತಕ್ಕಂತೆ ಅದರಲ್ಲಿ ನೂರರಷ್ಟು ಬಗೆಗಳಿವೆ. ಬರೀ ಸಕ್ಕರೆಗೆ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಟಿ ಕೋಶಗಳ ನೆರವಿಲ್ಲದೆ ದುಡಿಯಬೇಕಾಗುತ್ತದೆ (ಇವೆರಡೂ ರಕ್ಷಣೆಯ ಬಿಳಿ ರಕ್ತಕಣಗಳು; ಮೇಲಿನ ಬಿ ಗುಂಪಿಗಾಗಲಿ ಟಿ ಗುರುತಿಗಾಗಲಿ ಸಂಬಂಧವಿಲ್ಲ), ಮತ್ತು ಎರಡು ವರ್ಷದೊಳಗಿನ ಮಕ್ಕಳಲ್ಲಿ ಆ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಹೀಗಾಗಿ ಕವಚದ ಸಕ್ಕರೆಯನ್ನು ಪ್ರೋಟೀನಿಗೆ, ಉದಾಹರಣೆಗೆ ಡಿಫ್ತೀರಿಯಾ ವಿಷದ ನಿರುಪದ್ರವಿ ರೂಪಕ್ಕೆ, ಬೆಸೆದು ಕೊಡುತ್ತಾರೆ; ಪ್ರೋಟೀನನ್ನು ಕಂಡು ನೆರವಿಗೆ ಬರುವ ಟಿ ಕೋಶಗಳು ಸಕ್ಕರೆಯ ನೆನಪನ್ನೂ ಉಳಿಸಿಕೊಡುತ್ತವೆ. ಈ ಕಾಂಜುಗೇಟ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ, 2021ರಲ್ಲಿ ದೇಶದಾದ್ಯಂತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದೊಳಗೆ ಬಂತು; 6 ವಾರ, 14 ವಾರ ಮತ್ತು 9 ತಿಂಗಳಿಗೆ ಕೊಡುತ್ತಾರೆ.

ಸಕ್ಕರೆ ಕವಚದ ರೋಗಾಣುಗಳನ್ನು ರಕ್ತದಿಂದ ಸೋಸುವ ಮುಖ್ಯ ಅಂಗ ಗುಲ್ಮ (ಸ್ಪ್ಲೀನ್). ಅದನ್ನು ತೆಗೆಸಿಕೊಳ್ಳಬೇಕಾದವರಿಗೆ, ಅವಸರದ ಶಸ್ತ್ರಚಿಕಿತ್ಸೆಯಲ್ಲದಿದ್ದರೆ, ಕನಿಷ್ಠ ಎರಡು ವಾರ ಮೊದಲೇ ನ್ಯುಮೊಕಾಕಸ್ ಲಸಿಕೆ ಆಗಿರಬೇಕು. ರಕ್ತ ಕಾಯ್ದಿರಿಸಲು ಬರುವ ಮನೆಯವರನ್ನು ನಾನು ಈ ಬಗ್ಗೆ ವಿಚಾರಿಸಿದಾಗ, “ಅದು ಮಕ್ಕಳಿಗೆ ಹಾಕೋದಲ್ವಾ ಡಾಕ್ಟ್ರೇ?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ.