ಬೇಟೆ ಬಂಗಲೆ ರಿಪೇರಿ ಹಿತ್ತಲಿನಿಂದ ಶುರುವಾಗಬೇಕು

ಕಬಿನಿ ಹಿನ್ನೀರಿನ ದಡದಲ್ಲಿ ಕಾರಾಪುರ ಅಂತ ಒಂದು ಊರಿದೆ. ಅಲ್ಲಿ ಮೈಸೂರು ಅರಸರ ಬೇಟೆ ಬಂಗಲೆ ಇದೆ, ಪಕ್ಕದಲ್ಲೇ ವೈಸ್‌ರಾಯ್ ಬಂಗಲೆ. ಈಗ ಅದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕೈಯಲ್ಲಿದೆ. ಬಂದವರು ಬಂಗಲೆ ಮುಂದೆ ಫೋಟೊ ತೆಗೆಸಿಕೊಂಡು ಸಫಾರಿ ಜೀಪು ಹತ್ತುತ್ತಾರೆ. ಹಳೆ ಕಟ್ಟಡ ರಿಪೇರಿ ಮಾಡೋದೇ ನನ್ನ ಕೆಲಸ. ಹಾಗಾಗಿ ಇಂಥ ಜಾಗಕ್ಕೆ ಎಲ್ಲಿ ಹೋದರೂ ನನ್ನ ಕಾಲು ಮೊದಲು ಹಿತ್ತಲಿಗೆ ಹೋಗುತ್ತದೆ.

ಯಾಕೆಂದರೆ ಬಂಗಲೆ ಅನ್ನೋದು ದೊರೆಗಳು ಮಲಗುವ ಜಾಗ ಅಷ್ಟೆ. ಬೇಟೆ ನಡೆಯುತ್ತಿದ್ದದ್ದು ಹಿತ್ತಲಿನವರಿಂದ. ಅಡುಗೆಮನೆ, ಕುದುರೆ ಲಾಯ, ಆನೆ ಕಟ್ಟುವ ಜಾಗ, ಬಾವಿ, ಆಳುಗಳ ಸಾಲುಮನೆ. ಪ್ರಾಣಿಗಳನ್ನು ಸೋವುವುದಕ್ಕೆ ನೂರಾರು ಜನ ಬೇಕಿತ್ತು. ಇದೇ ಕಾಡಿನ ಕಾಕನಕೋಟೆಯ ಖೆಡ್ಡಾವನ್ನೇ ನೋಡಿ, ಖೆಡ್ಡಾ ಅಂದರೆ ಕಾಡಾನೆ ಹಿಡಿಯುವ ಕೆಲಸ. ಕಾಡಾನೆಗಳ ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ, ಈಜಿಸಿ, ಆಚೆ ದಡದಲ್ಲಿ ಮರದ ದಿಮ್ಮಿಗಳ ಕೊಟ್ಟಿಗೆಗೆ ನುಗ್ಗಿಸುತ್ತಿದ್ದರು. ಅದನ್ನು ನೋಡೋಕೆ ವೈಸ್‌ರಾಯ್‌ಗಳು ಬರುತ್ತಿದ್ದರು ನಿಜ, ಆದರೆ ಆನೆಯ ಜಾಡು ಗೊತ್ತಿದ್ದದ್ದು ಜೇನುಕುರುಬರಿಗೆ, ಬೆಟ್ಟಕುರುಬರಿಗೆ, ಮಾವುತ ಕಾವಾಡಿಗಳಿಗೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಮುಗಿದು, ಆ ಕಾಡಿನ ದೊಡ್ಡ ಭಾಗ, ಅದರ ಜೊತೆ ಬುಡಕಟ್ಟು ಜನರ ಹಾಡಿಗಳು, ಹೊಲಗಳು, ಎಲ್ಲ ನೀರಿನಡಿ ಹೋದವು. ಬಂಗಲೆ ಉಳಿಯಿತು, ಅದು ನಿಂತಿದ್ದ ಲೋಕ ಉಳಿಯಲಿಲ್ಲ.

ಇನ್ನು ರಿಪೇರಿ ವಿಷಯಕ್ಕೆ ಬರುತ್ತೇನೆ, ಜಾಸ್ತಿ ಜನ ನನ್ನನ್ನು ಕೇಳೋದು ಅದನ್ನೇ.

ಕೆಲವು ವರ್ಷಗಳ ಹಿಂದೆ ಕಾಡಂಚಿನ ಒಂದು ಹಳೆ ಶಿಕಾರಿ ಬಂಗಲೆ ನೋಡೋಕೆ ಕರೆದಿದ್ದರು. ಗೋಡೆ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಒಳಗೆ ಹೋದರೆ ಮೊಣಕಾಲೆತ್ತರದವರೆಗೂ ತೇವ, ಉಪ್ಪು ಉದುರುತ್ತಿತ್ತು, ಬಾಗಿಲ ಚೌಕಟ್ಟಿನ ಬುಡ ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹಿಂದೆ ಯಾರೋ ಸುಣ್ಣದ ಗಾರೆ ಕೆತ್ತಿ ತೆಗೆದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಗಟ್ಟಿಯಾಗಲಿ ಅನ್ನೋದೇ ಅವರ ಉದ್ದೇಶ. ಆದರೆ ಹಳೆ ಗೋಡೆಗೆ ನೆಲದಿಂದ ನೀರು ಏರುತ್ತಲೇ ಇರುತ್ತದೆ. ಸುಣ್ಣದ ಗಾರೆ ಅದನ್ನು ಗಾಳಿಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು ಒಳಗೇ ಕೂತು, ಮೇಲಕ್ಕೆ ಹತ್ತಿ, ಸಿಕ್ಕಿದ ಮರವನ್ನೆಲ್ಲ ಕೊಳೆಸುತ್ತದೆ.

ನಾವು ಗೋಡೆ ಮುಟ್ಟೋಕೆ ಮೊದಲು ನೆಲ ಅಗೆದೆವು. ವರ್ಷ ವರ್ಷವೂ ಹೂವಿನ ಪಾತಿಗೆ ಮಣ್ಣು ಸುರಿದು ಸುರಿದು ಸುತ್ತಲಿನ ನೆಲ ಒಂದೂವರೆ ಅಡಿ ಏರಿತ್ತು, ಹಳೆ ಕಲ್ಲಿನ ಚರಂಡಿ ಹೂತುಹೋಗಿತ್ತು. ಮಣ್ಣು ತೆಗೆದು, ಚರಂಡಿ ಬಿಡಿಸಿ, ಸಿಮೆಂಟ್ ಕಿತ್ತು, ಒಂದು ಇಡೀ ಬೇಸಿಗೆ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟೆವು. ಮಾಲೀಕರಿಗೆ ಇದು ಕೆಲಸ ನಿಂತ ಹಾಗೆ ಕಂಡಿತು. ನಿಂತಿರಲಿಲ್ಲ. ಒಣಗದ ಗೋಡೆಗೆ ಹೊಸ ಗಾರೆ ಹಚ್ಚೋದು ಅಂದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಹಿತ್ತಲಿನ ಪೊದೆಯಲ್ಲಿ ಗುಂಡಗೆ ಕೊರೆದ ಕಲ್ಲಿನ ಕಾಲುವೆ ಸಿಕ್ಕಿತು, ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣ ಅದು. ಅಂದರೆ ಈ ಬಂಗಲೆಯ ಗಾರೆ ಇಲ್ಲೇ ತಯಾರಾಗಿತ್ತು! ಹಳೆ ಗಾರೆಯ ತುಂಡೊಂದನ್ನು ಪರೀಕ್ಷೆಗೆ ಕಳಿಸಿ, ಮರಳು, ಸುಣ್ಣ, ಇಟ್ಟಿಗೆ ಪುಡಿ ಎಷ್ಟೆಷ್ಟಿದೆ ಅಂತ ತಿಳಿದುಕೊಂಡೆವು. ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ಕೊಳೆಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಕಲಸಿದೆವು. ಈ ಕೆಲಸ ಗೊತ್ತಿರುವ ಮೇಸ್ತ್ರಿಗಳು ಈಗ ಕಡಿಮೆ. ಸಿಕ್ಕಿದರೆ ಅವರು ಹೇಳಿದ ಕೂಲಿ ಕೊಡಿ, ಚೌಕಾಸಿ ಬೇಡ.

ಮಾಡಿನ ಮಂಗಳೂರು ಹಂಚುಗಳನ್ನು ಒಂದೊಂದಾಗಿ ಇಳಿಸಿ, ಬೆರಳಲ್ಲಿ ತಟ್ಟಿ ನೋಡಿದೆವು. ಗಂಟೆಯಂತೆ ಸದ್ದು ಬಂದದ್ದು ಒಳ್ಳೆಯದು, ಮಂಕಾಗಿ ಬಂದದ್ದು ಒಡಕು. ತೇಗದ ತೊಲೆಗಳು ನಡುವೆ ಗಟ್ಟಿ ಇದ್ದವು, ಗೋಡೆಯೊಳಗೆ ಸೇರಿದ ತುದಿ ಮಾತ್ರ ಗೆದ್ದಲು ತಿಂದಿತ್ತು. ಹಾಗಾದಾಗ ಪೂರ್ತಿ ತೊಲೆ ಬದಲಿಸಬೇಡಿ. ಕೆಟ್ಟ ತುದಿ ಕತ್ತರಿಸಿ, ಅದೇ ಜಾತಿಯ ಹಳೆ ಮರ ಕೂಡಿಸಿದರೆ ಸಾಕು.

ಗೋಡೆಯ ಮೇಲಿನ ಹುಲಿ, ಕಾಟಿ ತಲೆಗಳ ಬಗ್ಗೆ ಒಂದು ಎಚ್ಚರಿಕೆ. ಸುಮ್ನೆ ಇಳಿಸಿ ಒರೆಸೋಕೆ ಹೋಗಬೇಡಿ. ಹಳೆ ಕಾಲದಲ್ಲಿ ಹುಳ ಬೀಳದಿರಲಿ ಅಂತ ಚರ್ಮಕ್ಕೆ ಆರ್ಸೆನಿಕ್ ಹಚ್ಚುತ್ತಿದ್ದರು, ಕೈಗವಸು, ಮಾಸ್ಕ್ ಬೇಕೇ ಬೇಕು. ಅವಕ್ಕೆ ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ.

ಆ ಬಂಗಲೆಯಲ್ಲಿ ದೊಡ್ಡ ವಾದ ಆದದ್ದು ಹಿತ್ತಲಿನ ಸಾಲುಮನೆಯ ಬಗ್ಗೆ. ಕೆಡವಿ ಪಾರ್ಕಿಂಗ್ ಮಾಡೋಣ ಅಂದರು. ನಾನು ಒಪ್ಪಲಿಲ್ಲ. ಹೊಗೆ ಹಿಡಿದ ಗೋಡೆ, ಆನೆ ಸರಪಳಿಯ ಬಳೆ ಹಾಕಿದ ಕಲ್ಲುಗಳು, ರಾಗಿ ಮುದ್ದೆ ಬೇಯಿಸುತ್ತಿದ್ದ ದೊಡ್ಡ ಒಲೆ, ಎಲ್ಲ ಅಲ್ಲೇ ಇದ್ದವು. ದೊರೆಗಳ ಫೋಟೊ ಮುಂದಿನ ಹಾಲ್‌ನಲ್ಲಿ ಸಾಲುಸಾಲಾಗಿ ಇವೆ. ಈ ಜನರ ಗುರುತು ಅಂತ ಇದ್ದದ್ದು ಈ ಒಲೆ ಒಂದೇ ಅಲ್ವಾ? ಕೊನೆಗೆ ಮಾಲೀಕರು ಪಾರ್ಕಿಂಗನ್ನು ಗೇಟಿನ ಹೊರಗೆ ಮಾಡಿಕೊಂಡರು. ಮುಂಗಾರಿಗೆ ಮೊದಲು ನಾವು ಹಂಚು ಹೊದಿಸಿದ್ದು ಬಂಗಲೆಗಲ್ಲ, ಆ ಸಾಲುಮನೆಗೆ.