ಪದ ಪರಿಚಯ: ಬೊಡೋನಿ

ಬೊಡೋನಿ ಅಂದರೆ ರೋಮನ್ ಲಿಪಿಯ ಒಂದು ಅಕ್ಷರ ಶೈಲಿ. ಇದನ್ನು ಗುರುತು ಹಿಡಿಯೋದು ಸುಲಭ. ದೊಡ್ಡಕ್ಷರದ ಎಚ್ ನೋಡಿ. ಎರಡೂ ಕಡೆ ದಪ್ಪ ಕಪ್ಪು ಕಂಬ, ನಡುವಿನ ಅಡ್ಡಗೆರೆ ಮಾತ್ರ ಕೂದಲೆಳೆಯಷ್ಟು ತೆಳು. ಕಂಬದ ತಲೆ, ಬುಡದಲ್ಲಿರುವ ಚಿಕ್ಕ ಅಡ್ಡಪಟ್ಟಿಯೇ ಸೆರಿಫ್. ಹಳೆಯ ಶೈಲಿಗಳಲ್ಲಿ ಅದು ಬಾಗಿ ಕಂಬಕ್ಕೆ ಬೆಸೆದುಕೊಂಡಿರುತ್ತದೆ. ಬೊಡೋನಿಯಲ್ಲಿ ಅದೂ ತೆಳು ಗೆರೆ, ಹೆಚ್ಚುಕಮ್ಮಿ ನೇರ. ಓ ಅಕ್ಷರದಲ್ಲಿ ದಪ್ಪವೆಲ್ಲ ಎಡ ಬಲಕ್ಕೆ, ತೆಳುವು ನೆಟ್ಟಗೆ ಮೇಲೆ ಕೆಳಗೆ. ಹಿಂದಿನ ಅಕ್ಷರಗಳಲ್ಲಿ ಈ ದಪ್ಪ ಓರೆಯಾಗಿ ಕೂತಿರುತ್ತಿತ್ತು, ಓರೆ ಹಿಡಿದ ಲೇಖನಿಯಲ್ಲಿ ಬರೆದ ಹಾಗೆ.

ಇದನ್ನು ಕೊರೆದವನು ಇಟಲಿಯ ಜಾಂಬತ್ತಿಸ್ತಾ ಬೊಡೋನಿ. ಹುಟ್ಟಿದ್ದು 1740ರಲ್ಲಿ. ರೋಮ್‌ನಲ್ಲಿ ಕೆಲಸ ಕಲಿತು, 1768ರಲ್ಲಿ ಪಾರ್ಮಾದ ಅರಸನ ಅಚ್ಚುಕೂಟಕ್ಕೆ ಬಂದ. ಇಂಗ್ಲೆಂಡಿನ ಅಚ್ಚುಗಾರ ಬಾಸ್ಕರ್‌ವಿಲ್, ಪ್ಯಾರಿಸ್ಸಿನ ಅಚ್ಚುಗಾರರಾದ ಡಿಡೋ ಮನೆತನದವರ ಕೆಲಸ ನೋಡಿ ಮೆಚ್ಚಿಕೊಂಡವನು. ಆ ಹೊತ್ತಿಗೆ ಕಾಗದ ನುಣುಪಾಗಿತ್ತು, ಅಚ್ಚಿನ ಕೆಲಸವೂ ಸುಧಾರಿಸಿತ್ತು. ಅಷ್ಟು ತೆಳು ಗೆರೆ ಮುರಿಯದೆ ಮೂಡಲು ಇವೆರಡೂ ಬೇಕಿದ್ದವು. ಆತ ತೀರಿಕೊಂಡದ್ದು 1813ರಲ್ಲಿ. ಅವನ ಅಕ್ಷರಗಳ ಮಾದರಿಗಳನ್ನೆಲ್ಲ ಸೇರಿಸಿ ಎರಡು ಸಂಪುಟಗಳಲ್ಲಿ 1818ರಲ್ಲಿ ಹೊರತಂದವಳು ಹೆಂಡತಿ ಮಾರ್ಗರಿಟಾ. ಆಕೆಗೆ ನಾವು ಋಣಿಯಾಗಿರಬೇಕು.

ಈಗ ಬಳಕೆಯ ಮಾತು. ಬೊಡೋನಿಗೆ ಜಾಗ ಬೇಕು, ಗಾತ್ರ ಬೇಕು. ಪತ್ರಿಕೆಯ ತಲೆಬರಹ, ಪೋಸ್ಟರ್, ಆಹ್ವಾನ ಪತ್ರಿಕೆ, ಸುಗಂಧದ ಬಾಟಲಿಯ ಲೇಬಲ್ ಇವೆಲ್ಲ ಇದಕ್ಕೆ ಒಪ್ಪುತ್ತವೆ. ಸುತ್ತ ಖಾಲಿ ಬಿಳಿ ಇದ್ದರಂತೂ ಇದರ ಗತ್ತೇ ಬೇರೆ. ಆದರೆ ಉದ್ದದ ಲೇಖನಕ್ಕೆ, ಸಣ್ಣ ಗಾತ್ರದಲ್ಲಿ ಹಾಕಿದರೆ ಕಣ್ಣಿಗೆ ಹಿಂಸೆ. ಮಿನಿಮಮ್ ಅನ್ನೋ ಪದವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ, ಗಾತ್ರ ಇಳಿಸುತ್ತಾ ಹೋಗಿ. ಕಂಬಗಳನ್ನು ಕೂಡಿಸುವ ತೆಳು ಗೆರೆಗಳು ಮಾಯವಾಗಿ ಕಪ್ಪು ಕಂಬಗಳ ಸಾಲಷ್ಟೇ ಉಳಿಯುತ್ತದೆ.

ಇದು ಬೊಡೋನಿಯ ತಪ್ಪಲ್ಲ. ಲೋಹದ ಅಚ್ಚುಮೊಳೆಗಳ ಕಾಲದಲ್ಲಿ ಪ್ರತಿ ಗಾತ್ರಕ್ಕೂ ಬೇರೆ ಬೇರೆ ಅಚ್ಚು ಕೊರೆಯಬೇಕಿತ್ತು. ಸಣ್ಣ ಗಾತ್ರದಲ್ಲಿ ತೆಳು ಗೆರೆಗೆ ಒಂದಿಷ್ಟು ಮೈ ತುಂಬಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುತ್ತೇವೆ, ತೊಂದರೆ ಶುರುವಾಗೋದು ಅಲ್ಲೇ. ಅಮೆರಿಕದ ಫಾಂಟ್ ಕಂಪನಿ ಐಟಿಸಿ 1994ರಲ್ಲಿ ತಂದ ಐಟಿಸಿ ಬೊಡೋನಿ ಹಳೆಯ ಪದ್ಧತಿಗೇ ಮರಳಿತು: 6, 12, 72 ಪಾಯಿಂಟಿಗೆಂದು (ಪಾಯಿಂಟ್ ಅಂದರೆ ಅಕ್ಷರದ ಗಾತ್ರದ ಅಳತೆ) ಮೂರು ಪ್ರತ್ಯೇಕ ರೂಪ. 6ರಲ್ಲಿ ಗೆರೆಗಳು ಗಟ್ಟಿ, 72ರಲ್ಲಿ ನಾಜೂಕು. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ.

ಗೂಗಲ್ ಫಾಂಟ್ಸ್‌ನಲ್ಲಿ ಬೊಡೋನಿ ಮೋಡಾ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಹಾಗಾಗಿ ಎರಡೂ ಭಾಷೆಯ ಪೋಸ್ಟರ್ ಮಾಡುವಾಗ ದಪ್ಪ-ತೆಳುವಿನ ವ್ಯತ್ಯಾಸ ಎದ್ದು ಕಾಣುವ ಕನ್ನಡ ಫಾಂಟನ್ನೇ ಹುಡುಕಿ ಜೊತೆಗಿಡಿ. ಎಲ್ಲ ಗೆರೆಯೂ ಒಂದೇ ದಪ್ಪ ಇರುವ ಫಾಂಟ್ ಪಕ್ಕದಲ್ಲಿ ಕೂತರೆ ಎರಡೂ ಒಂದೇ ಪೋಸ್ಟರಿನವು ಅನ್ನಿಸೋದೇ ಇಲ್ಲ.